ಮಂಡಿನೋವು ಯುನೈಟೆಡ್

"ಇವತ್ತು ಹೋಲ್ಟ್‌ನ ಮಾರಿಬಿಡೋಣ ತಾತ," ಎಂದಳು ಟಿಲ್ಲಿ, ಬಾಯಿತುಂಬ ಚಿಪ್ಸ್ ಇಟ್ಟುಕೊಂಡು.

"ಬೇಡ," ಎಂದ ತಾತ.

"ಯಾಕೆ ಬೇಡ?"

"ವಿನೆಗರ್ ಇತ್ತ ಕೊಡು."

ಶುಕ್ರವಾರ ಟಿಲ್ಲಿಯ ಅಮ್ಮನಿಗೆ ಸಂಜೆ ಪಾಳಿ. ಹಾಗಾಗಿ ಶುಕ್ರವಾರ ಸಂಜೆ ಎಂದರೆ ತಾತನ ಅಡುಗೆಮನೆ, ಮೂಲೆ ಅಂಗಡಿಯ ಕರಿದ ಮೀನು, ಬಿಸಿ ಆಲೂಗಡ್ಡೆ ಚಿಪ್ಸು. ತಟ್ಟೆಗಿಟ್ಟೆ ಏನಿಲ್ಲ, ಪೊಟ್ಟಣ ಬಿಚ್ಚಿ ಕಾಗದದ ಮೇಲೇ ತಿನ್ನುವುದು. ಮೇಜಿನ ನಡುವೆ ಉಪ್ಪಿನ ಡಬ್ಬಿಗೆ ತಾತನ ಫೋನನ್ನು ಒರಗಿಸಿಟ್ಟಿತ್ತು. ಆ ಫೋನಿನೊಳಗೆ ಇವರಿಬ್ಬರ ಟೀಮು.

ಟೀಮು ಎಂದರೆ ನಿಜವಾದ ಟೀಮಲ್ಲ, ಫ್ಯಾಂಟಸಿ ಫುಟ್ಬಾಲು. ಟಿವಿಯಲ್ಲಿ ಬರುವ ದೊಡ್ಡ ಕ್ಲಬ್ಬುಗಳಿಂದ ಹದಿನೈದು ಆಟಗಾರರನ್ನು ಆರಿಸಿಕೊಳ್ಳಬೇಕು. ಹನ್ನೊಂದು ಜನ ಒಳಗೆ, ನಾಲ್ವರು ಬೆಂಚಿನ ಮೇಲೆ. ವಾರದ ಕೊನೆಗೆ ಅವರು ನಿಜವಾದ ಮೈದಾನದಲ್ಲಿ ಗೋಲು ಹೊಡೆದರೆ ನಿಮಗೆ ಪಾಯಿಂಟು. ಬೆವರು ಸುರಿಸುವವರು ಅವರು, ಬೀಗುವವರು ನೀವು. ಇಷ್ಟೇ ಆಟ. ಇಷ್ಟಕ್ಕೇ ಊರಿಗೆ ಊರೇ ತಲೆ ಕೆಡಿಸಿಕೊಂಡು ಕೂತಿರುತ್ತದೆ.

ಟಿಲ್ಲಿಯ ಕ್ಲಾಸಿನಲ್ಲೂ ಎಂಟು ಜನರ ಒಂದು ಲೀಗ್ ಇತ್ತು. ಎಂಟು ಜನವೂ ಮಹಾಪಂಡಿತರು. ಶೂ ಲೇಸು ಬಿಚ್ಚಿ ನೆಲ ಗುಡಿಸುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. "ಅವನ ಫಾರ್ಮ್ ಹೋಯ್ತು ಬಿಡು", "ಅವನು ಮುಗಿದ ಕತೆ" ಅಂತ ಕೈ ಬೀಸಿ ತೀರ್ಪು ಕೊಡುತ್ತಾರೆ. ಅವರೆಲ್ಲರಿಗಿಂತ ದೊಡ್ಡ ಪಂಡಿತೆ ನಮ್ಮ ಟಿಲ್ಲಿ. ಯಾರು ಏನೇ ಹೇಳಲಿ, ಅವಳು ಮೊದಲು ಮೂಗು ಮುರಿಯುತ್ತಾಳೆ, ಆಮೇಲೆ ಮಾತಾಡುತ್ತಾಳೆ.

ಲೀಗಿನಲ್ಲಿ ಈ ಪಂಡಿತೆಯ ಸ್ಥಾನ ಯಾವುದು ಅಂತೀರಾ? ಎಂಟನೆಯದು.

ಕೊನೆಗೆ ಬಂದವರಿಗೆ ಮರದ ಸೌಟು. ಅದು ಮೊದಲಿನಿಂದಲೂ ಬಂದ ರೂಢಿ. ಲೀಗಿನಲ್ಲಿ ಮೊದಲನೇ ಸ್ಥಾನದಲ್ಲಿದ್ದ ರೂಫಸ್ ತನ್ನ ಮನೆಯಿಂದ ಒಂದು ಸೌಟು ತಂದು, ಅದರ ಮೇಲೆ ಅಳುಬುರುಕ ಮುಖ ಬರೆದು, ದಾರ ಕಟ್ಟಿ ರೆಡಿ ಮಾಡಿ ಇಟ್ಟಿದ್ದ. ಕ್ರಿಸ್‌ಮಸ್ ರಜೆಗೆ ಮುಂಚೆ ಯಾರು ಕೊನೆಯಲ್ಲಿರುತ್ತಾರೋ ಅವರು ಸ್ಕೂಲಿನ ಕ್ರಿಸ್‌ಮಸ್ ಊಟದ ದಿನ ಅದನ್ನು ಕುತ್ತಿಗೆಗೆ ಹಾಕಿಕೊಂಡು, ಎಲ್ಲರ ಎದುರಿಗೆ ಉಣ್ಣಬೇಕು.

ಇನ್ನು ಉಳಿದಿದ್ದು ಒಂದೇ ವಾರದ ಆಟ. ಟಿಲ್ಲಿಗಿಂತ ಮೇಲಿದ್ದ ಬಾರ್ನಬಿ ಬರೀ ಎರಡು ಪಾಯಿಂಟ್ ಮುಂದಿದ್ದ.

"ಬಾರ್ನಬಿ ಕೈಲಿ ಸೋಲೋದಾ ತಾತ? ಅವನು ಆಟಗಾರರನ್ನ ಹೇರ್‌ಸ್ಟೈಲ್ ನೋಡಿ ಆರಿಸ್ತಾನೆ."

"ಅವನೇ ಮುಂದಿದ್ದಾನಲ್ಲ," ಎಂದ ತಾತ. "ನಾವೂ ಹಾಗೇ ಮಾಡೋಣ ಬೇಕಾದ್ರೆ."

ಟಿಲ್ಲಿಗೆ ಮೈಯೆಲ್ಲ ಉರಿದುಹೋಯಿತು. ಈ ತಾತನ ಜೊತೆ ಕೂಡಿದ್ದೇ ತಪ್ಪು ಅಂದುಕೊಂಡಳು. ಕೂಡದೆ ಗತಿಯಿರಲಿಲ್ಲ. ಟೀಮನ್ನು ದೊಡ್ಡವರ ಹೆಸರಿನಲ್ಲೇ ಮಾಡಬೇಕಿತ್ತು. ಅಮ್ಮ "ನಂಗೆ ಪುರುಸೊತ್ತಿಲ್ಲ ಮಾರಾಯ್ತಿ" ಎಂದಳು, ತಾತ "ಹೂಂ" ಎಂದ. ಎಂದವನೇ ಟೀಮಿಗೆ ತನ್ನಿಷ್ಟದ ಹೆಸರೂ ಇಟ್ಟ. ಬೇರೆಯವರ ಟೀಮುಗಳೆಲ್ಲ ಹುಲಿ, ಸಿಡಿಲು, ರಾಕೆಟ್ಟು. ಇವರದು ಮಂಡಿನೋವು ಯುನೈಟೆಡ್.

ಒಪ್ಪಂದ ಹೀಗಿತ್ತು. ಹದಿನಾಲ್ಕು ಆಟಗಾರರನ್ನು ಟಿಲ್ಲಿ ಆರಿಸಬೇಕು, ಒಬ್ಬನೇ ಒಬ್ಬನನ್ನು ತಾತ ಆರಿಸಬೇಕು. ತಾತ ಆರಿಸಿದ್ದು ಲೆನ್ನಿ ಹೋಲ್ಟ್‌ನನ್ನು.

ಹೋಲ್ಟ್ ಇದೇ ಬೀದಿಯ ಹುಡುಗ. ಅವನ ಅಜ್ಜಿಯ ಮನೆ ತಾತನ ಮನೆಯಿಂದ ಸ್ವಲ್ಪ ಮೇಲಕ್ಕೆ. ಚಿಕ್ಕವನಿದ್ದಾಗ ದಿನವಿಡೀ ತಾತನ ಗ್ಯಾರೇಜಿನ ತಗಡಿನ ಬಾಗಿಲಿಗೆ ಚೆಂಡು ಒದೆಯುತ್ತಿದ್ದ. ಬಾಗಿಲ ಮೇಲೆ ಆ ಗುಳಿಗಳು ಈಗಲೂ ಇವೆ. ಈಗ ಹೋಲ್ಟ್ ದೊಡ್ಡ ಕ್ಲಬ್ಬಿನಲ್ಲಿದ್ದಾನೆ. ಇದ್ದಾನೆ ಅಂದರೆ, ದಪ್ಪ ಕೋಟು ಹೊದ್ದು ಬೆಂಚಿನ ಮೇಲೆ ಕೂತಿರುತ್ತಾನೆ. ಟಿವಿಯವರು ಅಲ್ಲಿನ ಕೋಚ್ ಮುಖ ತೋರಿಸುವಾಗ ಹಿಂದುಗಡೆ ಒಮ್ಮೊಮ್ಮೆ ಹೋಲ್ಟ್‌ನ ಒಂದು ಕಿವಿ ಕಾಣುತ್ತದೆ. ಆಗ ತಾತ "ನಮ್ ಲೆನ್ನಿ" ಎಂದು ಕುರ್ಚಿಯಲ್ಲೇ ನೆಟ್ಟಗಾಗುತ್ತಾನೆ.

"ಸೀಸನ್ ಶುರುವಾದಾಗಿಂದ ಅವನು ಒಂದ್ ನಿಮಿಷ ಆಡಿಲ್ಲ. ಒಂದೇ ಒಂದ್ ನಿಮಿಷ," ಎಂದಳು ಟಿಲ್ಲಿ. "ಬೆಂಚಿಗೆ ಅಂಟು ಹಾಕಿ ಕೂರಿಸಿದ್ದಾರೆ ಅವನನ್ನ."

"ಕೂತ್ಕೊಳ್ಳೋದೂ ಕೆಲ್ಸಾನೇ ಕಣೆ. ಈ ಚಳೀಲಿ ಸುಮ್ನೆ ಕೂತು ನೋಡು, ಗೊತ್ತಾಗುತ್ತೆ."

"ಕೂತಿದ್ದಕ್ಕೆ ಪಾಯಿಂಟ್ ಕೊಡಲ್ಲ ತಾತ. ಆಡದೇ ಇರೋನನ್ನ ಯಾರಾದ್ರೂ ಟೀಮಲ್ಲಿ ಇಟ್ಕೋತಾರಾ? ತಿಕ್ಕಲರು ಇಟ್ಕೋತಾರೆ."

ತಾತ ಬಟಾಣಿ ಗೊಜ್ಜಿಗೆ ಚಿಪ್ಸ್ ಅದ್ದುತ್ತ, "ನಾಳೆ ನಿನ್ ಮ್ಯಾಚ್ ಎಷ್ಟೊತ್ತಿಗೆ?" ಎಂದ.

"ಒಂಬತ್ತೂವರೆಗೆ. ನೀನೇನ್ ಬರ್ಬೇಡ. ಚಳಿ ಇದೆ, ನಿನ್ ಮಂಡಿ ಹಿಡ್ಕೊಳ್ಳುತ್ತೆ."

"ಫ್ಲಾಸ್ಕ್ ಆಗ್ಲೇ ತೊಳ್ದಿಟ್ಟಿದ್ದೀನಿ," ಎಂದು ತಾತ ಮೇಜು ಹಿಡಿದು ನಿಧಾನವಾಗಿ ಎದ್ದ. ಹಿತ್ತಲ ಬಾಗಿಲಲ್ಲಿ ಬೆಕ್ಕು ಕೂಗುತ್ತಿತ್ತು. ಅದಕ್ಕೆಂದು ಎತ್ತಿಟ್ಟಿದ್ದ ಮೀನಿನ ಚೂರು ತೆಗೆದುಕೊಂಡು ಆಚೆ ಹೋದ.

ಟಿಲ್ಲಿ ಫೋನ್ ಎಳೆದುಕೊಂಡಳು.

ವಾರಕ್ಕೆ ಒಬ್ಬನನ್ನು ಪುಕ್ಕಟೆ ಬದಲಾಯಿಸಬಹುದು. ಎರಡನೆಯವನನ್ನು ಮುಟ್ಟಿದರೆ ನಾಲ್ಕು ಪಾಯಿಂಟ್ ಕಟ್. ಒಮ್ಮೆ ಒತ್ತಿದ ಮೇಲೆ ಮುಗಿಯಿತು, ಅಯ್ಯೋ ಬೇಡ ಅಂದರೆ ಕೇಳುವವರಿಲ್ಲ. ಹೋಲ್ಟ್ ಬೆಂಚಿನ ಕೊನೆಯಲ್ಲಿದ್ದ. ಅವನನ್ನು ಅಲ್ಲಿ ಇಟ್ಟವಳೂ ಟಿಲ್ಲಿಯೇ. ಹನ್ನೊಂದರಲ್ಲಿ ಯಾರಾದರೂ ಆಡದೇ ಹೋದರೆ ಬೆಂಚಿನ ಮೊದಲನೆಯವನಿಗೆ ಆ ಜಾಗ, ಅವನೂ ಆಡಿರದಿದ್ದರೆ ಎರಡನೆಯವನಿಗೆ. ಕೊನೆಯವನ ಸರದಿ ಬಂದದ್ದೇ ಇಲ್ಲ.

ಹೋಲ್ಟ್‌ನನ್ನು ಒತ್ತಿದಳು. ಅವನ ಜಾಗಕ್ಕೆ ಮರೆಂಕೊ ಎಂಬ ಡಿಫೆಂಡರನ್ನು ತಂದು ಹನ್ನೊಂದರೊಳಗೆ ಸೇರಿಸಿದಳು. ಮರೆಂಕೊ ಪ್ರತಿ ವಾರವೂ ಆಡುತ್ತಾನೆ, ಒಮ್ಮೊಮ್ಮೆ ತಲೆ ಕೊಟ್ಟು ಗೋಲೂ ಹೊಡೆಯುತ್ತಾನೆ. "ಖಚಿತವೇ?" ಎಂದಿತು ಫೋನು. ಖಚಿತ ಎಂದಳು ಟಿಲ್ಲಿ.

ತಾತ ಒಳಗೆ ಬರುವಷ್ಟರಲ್ಲಿ ಫೋನು ಮತ್ತೆ ಉಪ್ಪಿನ ಡಬ್ಬಿಗೆ ಒರಗಿತ್ತು. ಕನ್ನಡಕವಿಲ್ಲದೆ ತಾತನಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಪರವಾಗಿಲ್ಲ, ಹೇಗೂ ಹೋಲ್ಟ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ಟಿಲ್ಲಿ ತನಗೆ ತಾನೇ ಹೇಳಿಕೊಂಡಳು. ಆದರೂ ಉಳಿದ ಚಿಪ್ಸನ್ನು ಯಾಕೋ ಕಾಗದದಲ್ಲೇ ಸುತ್ತಿಟ್ಟಳು. ಆರಿಹೋಗಿತ್ತು, ಅದಕ್ಕೇ ಇರಬೇಕು.

ಮಾರನೆಯ ಬೆಳಗ್ಗೆ ಮೈದಾನದ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ಟಿಲ್ಲಿಯ ಟೀಮು ಹನ್ನೊಂದು ವರ್ಷದೊಳಗಿನವರದು, ಹುಡುಗ ಹುಡುಗಿಯರು ಸೇರಿ ಆಡುವಂಥದ್ದು. ರೂಫಸ್ ಅದರ ಮುಂದಾಳು, ಗೋಲು ಹೊಡೆಯುವವನು. ಟಿಲ್ಲಿ ಬದಲಿ ಆಟಗಾರ್ತಿ. ಸಾಮಾನ್ಯವಾಗಿ ಆಟ ಮುಗಿಯಲು ಐದು ನಿಮಿಷ ಇರುವಾಗ ಕೋಚ್ ಡೆಬ್ಬಿ ಅವಳನ್ನು ಇಳಿಸುತ್ತಿದ್ದಳು. ಟಿಲ್ಲಿಯನ್ನು ಕೇಳಿದರೆ ಕೋಚ್ ಡೆಬ್ಬಿಗೆ ಫುಟ್ಬಾಲಿನ ಗಂಧಗಾಳಿಯೂ ಇಲ್ಲ.

ಅವತ್ತು ಕಪ್ ಮ್ಯಾಚ್ ಬೇರೆ. ಟಿಲ್ಲಿ ಬೆಂಚಿನ ಮೇಲೆ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಕೂತಳು. ಪಕ್ಕದಲ್ಲಿ ಹೋಳು ಮಾಡಿದ ಕಿತ್ತಳೆ ಹಣ್ಣಿನ ಡಬ್ಬಿ. ಅರ್ಧ ಆಟ ಮುಗಿದಾಗ ಆಡಿದವರಿಗೆ ಅದನ್ನು ಹಂಚುವುದು ಆಡದವರ ಕೆಲಸ.

ಗೆರೆಯಾಚೆ ಮಡಚುವ ಸ್ಟೂಲಿನ ಮೇಲೆ ತಾತ ಕೂತಿದ್ದ. ಟೋಪಿ ಕಿವಿವರೆಗೆ ಎಳೆದುಕೊಂಡು, ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಹೀರುತ್ತಿದ್ದ. ಎಲ್ಲರೂ ಚೆಂಡಿನ ಜೊತೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರೆ, ಅವನು ಮಾತ್ರ ಆಗಾಗ ಬೆಂಚಿನ ಕಡೆ ನೋಡಿ ಕೈ ಎತ್ತುತ್ತಿದ್ದ. ಟಿಲ್ಲಿಗೆ ನಾಚಿಕೆಯಾಗುತ್ತಿತ್ತು. ಬೆಂಚಿನ ಮೇಲೆ ಕೂತವರಿಗೆ ಯಾರಾದರೂ ಕೈ ಬೀಸುತ್ತಾರಾ?

ಅರ್ಧ ಆಟ ಮುಗಿಯಿತು. ರೂಫಸ್ ಹಬೆಯಾಡುತ್ತ ಬಂದು ಡಬ್ಬಿಗೆ ಕೈ ಹಾಕಿದ.

"ಏ ಪಂಡಿತೆ, ಸೌಟು ರೆಡಿ ಇದೆ. ದಾರದ ಅಳತೆ ನೋಡ್ಬೇಕು, ಕುತ್ತಿಗೆ ತೋರ್ಸು."

"ನಿನ್ ಕುತ್ತಿಗೆಗೇ ಹಾಕ್ಕೋ."

"ನಂಗ್ಯಾಕೆ, ನಾನು ಫಸ್ಟು." ರೂಫಸ್ ಹೋಳನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಉಳಿದವರ ಕಡೆ ತಿರುಗಿದ. "ಲೋ, ಇವಳು ಫ್ಯಾಂಟಸೀಲಿ ಇದ್ದಿದ್ರೆ ಎಷ್ಟು ಪಾಯಿಂಟ್ ಬರ್ತಿತ್ತು ಹೇಳ್ರೋ. ಕಿತ್ತಳೆ ಹಂಚಿದ್ದಕ್ಕೆ ಸೊನ್ನೆ, ಬೆಂಚ್ ಒರೆಸಿದ್ದಕ್ಕೆ ಸೊನ್ನೆ."

ಒಬ್ಬಿಬ್ಬರು ಕಿಸಕ್ಕನೆ ನಕ್ಕರು.

"ಇವಳನ್ನ ಟೀಮಿಗೆ ತಗೊಳ್ಳೋ ತಿಕ್ಕಲು ಇಡೀ ಲೋಕದಲ್ಲಿ ಒಬ್ಬನೇ," ಎಂದ ರೂಫಸ್, ಗೆರೆಯಾಚೆ ಕೈ ತೋರಿಸಿ. "ಅಗೋ, ಸ್ಟೂಲ್ ಮೇಲೆ ಕೂತವ್ನೆ."

ಟಿಲ್ಲಿಯ ಹತ್ತಿರ ಯಾವಾಗಲೂ ಒಂದು ಎದುರುತ್ತರ ಇರುತ್ತದೆ. ಅವತ್ತು ಮಾತ್ರ ಕಿತ್ತಳೆ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. ತಿಕ್ಕಲು. ಆ ಮಾತನ್ನು ನಿನ್ನೆ ಸಂಜೆ ತಾನೇ ಆಡಿದ್ದಳಲ್ಲ, ಚಿಪ್ಸ್ ಜಗಿಯುತ್ತ.

ಅವಳು ಗೆರೆಯಾಚೆ ನೋಡಿದಳು. ತಾತ ಕೈ ಎತ್ತಿದ.

ಎರಡನೆಯ ಅರ್ಧ ಶುರುವಾಯಿತು. ಚಳಿ ಶೂಗಳೊಳಗೆ ಇಳಿಯಿತು. ಟಿಲ್ಲಿ ಎದ್ದು ಓಡಿ ಮೈ ಬಿಸಿ ಮಾಡಿಕೊಂಡಳು, ಮತ್ತೆ ಕೂತಳು. ಕೋಚ್ ಈ ಕಡೆ ತಿರುಗಿದಾಗೆಲ್ಲ ಕೋಟಿನ ಜಿಪ್ಪಿಗೆ ಕೈ ಹಾಕಿದಳು. ಕೋಚ್ ತಿರುಗಿದ್ದು ಗಡಿಯಾರ ನೋಡಲು ಅಷ್ಟೇ. ಆಟ ಸಮಸಮ ಇತ್ತು, ಕೊನೆಯ ಐದು ನಿಮಿಷವೂ ಬಂತು, ಅದೂ ಹೋಯಿತು. ಸೀಟಿ ಊದಿದಾಗ ಟಿಲ್ಲಿಯ ಕೋಟು ಇನ್ನೂ ಅವಳ ಮೈಮೇಲೇ ಇತ್ತು.

"ಇವತ್ತು ಆಗ್ಲಿಲ್ಲ ಪುಟ್ಟಿ, ಮುಂದಿನ ವಾರ ನೋಡೋಣ," ಎಂದಳು ಕೋಚ್ ಡೆಬ್ಬಿ, ಆಗಲೇ ಬೇರೆ ಎಲ್ಲೋ ನೋಡುತ್ತ.

ಟಿಲ್ಲಿ ಗೆರೆ ದಾಟಿ ತಾತನ ಹತ್ತಿರ ಬಂದಳು. ತಾತ ಟೀ ಬಗ್ಗಿಸಿ ಅವಳ ಕೈಗೆ ಕೊಟ್ಟ.

"ತಾತ, ಫೋನ್ ಕೊಡು."

ತಾತ ಕೊಟ್ಟ. ಯಾಕೆಂದು ಕೇಳಲಿಲ್ಲ. ಸ್ಟೂಲ್ ಮಡಚಲು ಬಗ್ಗಿದ. ಅವನ ಮಂಡಿಗಳು ಹಿಡಿದುಕೊಂಡಿದ್ದವು, ಸ್ಟೂಲಿನ ಕಾಲುಗಳು ಅವನಿಗಿಂತ ಬೇಗ ಮಡಚಿಕೊಂಡವು.

ಟೀಮ್ ಬದಲಾಯಿಸಲು ಹನ್ನೊಂದು ಗಂಟೆವರೆಗೆ ಸಮಯ. ಇನ್ನು ಸ್ವಲ್ಪವೇ ಇತ್ತು. ಟಿಲ್ಲಿ ಗ್ಲೌಸ್ ಕಿತ್ತು ಹಲ್ಲಲ್ಲಿ ಕಚ್ಚಿಕೊಂಡಳು. ಮರಗಟ್ಟಿದ ಬೆರಳು ಒತ್ತಿದ್ದು ಒಂದು ಕಡೆ, ಫೋನು ತೆರೆದದ್ದು ಇನ್ನೊಂದು ಕಡೆ. ಕೊನೆಗೂ ಮರೆಂಕೊ ಸಿಕ್ಕ. ಅವನನ್ನು ತೆಗೆದಳು. ಹೋಲ್ಟ್ ಎಂದು ಹುಡುಕಿದಳು. ಫೋನು ಕೆಂಪು ಅಕ್ಷರದಲ್ಲಿ ಎಚ್ಚರಿಸಿತು. ಈ ಬದಲಾವಣೆಗೆ ನಾಲ್ಕು ಪಾಯಿಂಟ್ ಕಟ್. ಖಚಿತವೇ?

ನಾಲ್ಕು ಪಾಯಿಂಟ್ ಕಟ್ಟಾದರೆ ಸೌಟು ಕುತ್ತಿಗೆಗೆ ಬಿತ್ತೆಂದೇ ಲೆಕ್ಕ. ಅಳುಬುರುಕ ಮುಖದ ಸೌಟು, ಇಡೀ ಊಟದ ಕೋಣೆ, ರೂಫಸನ ಹಲ್ಲು. ಟಿಲ್ಲಿಗೆ ಎಲ್ಲವೂ ಕಣ್ಣ ಮುಂದೆ ಕಟ್ಟಿತು. ಬೇಡ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳುವುದು.

"ಏನ್ ನೋಡ್ತಿದ್ದೀಯ?" ಎಂದ ತಾತ.

"ಏನಿಲ್ಲ," ಎಂದು ಟಿಲ್ಲಿ ಒತ್ತಿದಳು.

ಮರೆಂಕೊ ಅವತ್ತು ಮಧ್ಯಾಹ್ನವೇ ತಲೆ ಕೊಟ್ಟು ಗೋಲು ಹೊಡೆದ. ಇಷ್ಟು ದಿನ ಸುಮ್ಮನಿದ್ದವನು ಅವತ್ತೇ ಹೊಡೆಯಬೇಕಿತ್ತಾ? ಹೊಡೆದ. ಹೋಲ್ಟ್ ಆಡಲಿಲ್ಲ. ಈ ಸಲ ಅವನ ಕಿವಿಯೂ ಟಿವಿಯಲ್ಲಿ ಕಾಣಲಿಲ್ಲ. ಸೋಮವಾರ ಲೆಕ್ಕ ಹಾಕಿದಾಗ ಟಿಲ್ಲಿ ಮೂರೇ ಮೂರು ಪಾಯಿಂಟಿನಿಂದ ಬಾರ್ನಬಿಯ ಹಿಂದಿದ್ದಳು. ಕಟ್ಟಾದ ಆ ನಾಲ್ಕು ಇದ್ದಿದ್ದರೆ ಸೌಟು ಬಾರ್ನಬಿಯ ಕುತ್ತಿಗೆಗೆ ಹೋಗುತ್ತಿತ್ತು.

ಶುಕ್ರವಾರ ರಜೆಗೆ ಮುಂಚಿನ ಕೊನೆಯ ದಿನ. ಊಟದ ಕೋಣೆಯಲ್ಲಿ ಎಲ್ಲರ ತಲೆಗೂ ಬಣ್ಣದ ಕಾಗದದ ಕಿರೀಟ. ಟಿಲ್ಲಿಗೆ ಕಿರೀಟದ ಜೊತೆ ಸೌಟೂ ಬಂತು. ರೂಫಸ್ ದಾರ ಸರಿಮಾಡಿ, ರಾಣಿಗೆ ಹಾರ ಹಾಕುವವನ ಹಾಗೆ ಬಗ್ಗಿ ತೊಡಿಸಿದ. ಚಿಕ್ಕ ಕ್ಲಾಸಿನ ಮಕ್ಕಳೂ ಬೆಂಚು ಹತ್ತಿ ನೋಡಿ ನಕ್ಕರು. ಟಿಲ್ಲಿಯ ಮುಖ ಕಿವಿವರೆಗೆ ಬಿಸಿಯಾಯಿತು. ಅವಳು ಬಗ್ಗಿದಾಗೆಲ್ಲ ಸೌಟು ಗ್ರೇವಿಯಲ್ಲಿ ಮುಳುಗುತ್ತಿತ್ತು.

"ಆ ಹೋಲ್ಟ್ ಇನ್ನೂ ನಿನ್ ಟೀಮಲ್ಲಿ ಇದ್ದಾನಾ?" ಎಂದ ರೂಫಸ್.

"ಇದ್ದಾನೆ."

"ಯಾಕೆ?"

"ನಮ್ಮ ಬೀದಿಯವನು," ಎಂದು ಟಿಲ್ಲಿ ಆಲೂಗಡ್ಡೆ ಬಾಯಿಗಿಟ್ಟುಕೊಂಡಳು. ರೂಫಸನ ಬೀದಿಯಿಂದ ಯಾರೂ ಯಾವ ಬೆಂಚಿಗೂ ಹೋಗಿರಲಿಲ್ಲ.

ಸಂಜೆ ತಾತನ ಅಡುಗೆಮನೆಗೆ ಬಂದಾಗ ಸೌಟು ಕೋಟಿನೊಳಗಿತ್ತು. ಕೋಟು ಬಿಚ್ಚಿದ ಮೇಲೆ ಮುಚ್ಚಿಡುವ ಹಾಗಿರಲಿಲ್ಲ.

"ಅದೇನದು?" ಎಂದ ತಾತ.

"ಕಪ್. ಗೆದ್ದೆ."

ತಾತ ಸೌಟು ಹಿಡಿದು ಅಳುಬುರುಕ ಮುಖವನ್ನು ನೋಡಿದ. "ಒಳ್ಳೇ ಮರ," ಎಂದ. ಮೀನಿನ ಪೊಟ್ಟಣ ಬಿಚ್ಚಿದ. ಆಮೇಲೆ, "ಎಷ್ಟರಲ್ಲಿ ಹೋಯ್ತು?" ಎಂದ.

"ಮೂರು."

"ನಾಲ್ಕು ಕಟ್ಟಾಗಿತ್ತಲ್ಲ."

ಟಿಲ್ಲಿ ತಲೆಯೆತ್ತಿದಳು. "ನಿಂಗೆ ಹೇಗ್ ಗೊತ್ತು?"

"ನೀನು ಮನೆಗೆ ಹೋದ್ಮೇಲೆ ಕನ್ನಡಕ ಹಾಕ್ಕೊಂಡು ಒಂದ್ಸಲ ನೋಡ್ತೀನಿ. ಪ್ರತಿ ಶುಕ್ರವಾರನೂ. ಲೆನ್ನಿ ಇದ್ದಾನಾ ಅಂತ." ತಾತ ವಿನೆಗರ್ ಬಾಟ್ಲಿ ಅಲುಗಾಡಿಸಿದ. "ಹೋದ ವಾರ ಇರ್ಲಿಲ್ಲ. ಶನಿವಾರ ರಾತ್ರಿ ನೋಡಿದ್ರೆ ವಾಪಸ್ ಬಂದಿದ್ದ, ನಾಲ್ಕು ಕಟ್."

ಅಂದರೆ ಶನಿವಾರ ಬೆಳಗ್ಗೆ ತಾತನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಟೋಪಿ ಎಳೆದುಕೊಂಡು ಬಂದಿದ್ದ.

"ಮತ್ತೆ ಶನಿವಾರ ಯಾಕೆ ಬಂದೆ?"

"ನಿನ್ ಮ್ಯಾಚ್ ಇತ್ತಲ್ಲ."

"ನಾನು ಆಡ್ಲೇ ಇಲ್ಲ ತಾತ."

"ಗೊತ್ತು ಕಣೆ. ನಾನ್ ಅಲ್ಲೇ ಇದ್ನಲ್ಲ," ಎಂದ ತಾತ. "ಬಟಾಣಿ ಆರ್ತಾ ಇದೆ, ತಿನ್ನು."

ಟಿಲ್ಲಿ ಕುತ್ತಿಗೆಯಿಂದ ಸೌಟು ತೆಗೆದು, ದಾರ ಬಿಚ್ಚಿ, ನಲ್ಲಿ ಕೆಳಗೆ ತೊಳೆದಳು. ಅದರಿಂದಲೇ ಬಟಾಣಿ ಗೊಜ್ಜು ತಿರುವಿ ಇಬ್ಬರ ಕಾಗದಕ್ಕೂ ಹಾಕಿದಳು. ಅಳುಬುರುಕನ ಒಂದು ಕಣ್ಣು ಆಗಲೇ ಅಳಿಸಿಹೋಗಿತ್ತು.

ಹಿತ್ತಲ ಬಾಗಿಲಲ್ಲಿ ಬೆಕ್ಕು ಕೂಗಿತು. ತಾತ ಮೇಜು ಹಿಡಿದು ಎದ್ದ.

"ಈ ವಾರ ಯಾರನ್ನ ತೆಗೀತೀಯ?" ಎಂದು ಹೋಗುತ್ತ ಕೇಳಿದ.

"ನೋಡ್ತೀನಿ."

ಅವನು ಆಚೆ ಹೋದ ಮೇಲೆ ಟಿಲ್ಲಿ ಫೋನು ಎಳೆದುಕೊಂಡಳು. ಬೆಂಚಿನ ಕೊನೆಯಲ್ಲಿ ಹೋಲ್ಟ್ ಇದ್ದ. ಅವನ ಹೆಸರಿನ ಮೇಲೆ ಬೆರಳಿಟ್ಟು ಒಬ್ಬನನ್ನು ದಾಟಿಸಿದಳು, ಇನ್ನೊಬ್ಬನನ್ನು ದಾಟಿಸಿದಳು, ಬೆಂಚಿನ ಮೊದಲನೇ ಜಾಗಕ್ಕೆ ತಂದು ಕೂರಿಸಿದಳು. ಆಮೇಲೆ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟಳು.

ತಾತ ಬಂದಾಗ ಅವಳು ಅದನ್ನು ಹೇಳಲಿಲ್ಲ. ಹೇಗೂ ಅವಳು ಹೋದ ಮೇಲೆ ಕನ್ನಡಕ ಹಾಕಿಕೊಂಡು ಒಂದು ಸಲ ನೋಡೇ ನೋಡುತ್ತಾನೆ.